ನೆಂಟರು ಬಂದರೆ ಹ್ಯಾರೊಗೇಟ್ ತೋರಿಸಿ



ಬೆಂಗಳೂರಿನಿಂದ ಅಣ್ಣನೋ ಭಾವನೋ ಕಂಪನಿ ಕೆಲಸಕ್ಕೆ ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಬಂದರೆ ನಾವೇನು ಮಾಡುತ್ತೇವೆ? ಕೆಲಸ ಮುಗಿದ ಮರುದಿನವೇ ಲಂಡನ್ ರೈಲು ಹತ್ತಿಸುತ್ತೇವೆ. ಬಿಗ್ ಬೆನ್ ಮುಂದೆ ಫೋಟೊ ತೆಗೆಸಿಕೊಂಡರೆ ಇಂಗ್ಲೆಂಡ್ ನೋಡಿದಂತೆ! ಈ ರೂಢಿ ಬಿಡೋಣ ಎಂದು ನನ್ನ ಅಭಿಪ್ರಾಯ.

ಲೀಡ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹ್ಯಾರೊಗೇಟ್ ತಲುಪಬಹುದು. 1571ರಲ್ಲಿ ಇಲ್ಲಿ ಖನಿಜ ನೀರಿನ ಬುಗ್ಗೆ ಪತ್ತೆಯಾಯಿತು. ಆ ನೀರು ಕುಡಿಯಲು, ಅದರಲ್ಲಿ ಮೀಯಲು ಜನ ಬಂದರು. ಅವರಿಗಾಗಿ ಹೋಟೆಲುಗಳು, ತೋಟಗಳು, 1897ರಲ್ಲಿ ಟರ್ಕಿಶ್ ಸ್ನಾನಗೃಹ, 1903ರಲ್ಲಿ ರಾಯಲ್ ಹಾಲ್ ಎದ್ದವು. ನೀರಿನ ಚಿಕಿತ್ಸೆಯ ಕಾಲ ಮುಗಿದಾಗ ಊರು ಕೈಕಟ್ಟಿ ಕೂರಲಿಲ್ಲ; ಸಮ್ಮೇಳನ, ವ್ಯಾಪಾರ ಮೇಳಗಳನ್ನು ಕರೆಯಿತು. 1982ರಲ್ಲಿ ಇಲ್ಲಿನ ಹೊಸ ಸಮ್ಮೇಳನ ಭವನದಲ್ಲಿ ಯೂರೊವಿಷನ್ ಹಾಡಿನ ಸ್ಪರ್ಧೆಯೇ ನಡೆಯಿತು.

ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹಗಲು ಮೇಳ, ಸಂಜೆ ವ್ಯಾಲಿ ಗಾರ್ಡನ್ಸ್‌ನಲ್ಲಿ ತಿರುಗಾಟ. 1919ರಲ್ಲಿ ಶುರುವಾದ ಬೆಟ್ಟೀಸ್‌ನಲ್ಲಿ ಚಹಾ ಕುಡಿಯಬಹುದು. ಬೆಲೆ ಮಾತ್ರ ನಮ್ಮ ದರ್ಶಿನಿಯದಲ್ಲ!

ಇದು ಬರೀ ಸುತ್ತಾಟದ ಮಾತಲ್ಲ. ನಮಗೆ ಊರೆಂದರೆ ಮೈಸೂರೋ ಧಾರವಾಡವೋ ಇರಬಹುದು. ಇಲ್ಲೇ ಹುಟ್ಟಿದ ಮಕ್ಕಳಿಗೆ ಊರೆಂದರೆ ಇದೇ. ಬಂದ ನೆಂಟರಿಗೆ ತೋರಿಸುವಂಥದ್ದು ಇಲ್ಲೇನೂ ಇಲ್ಲವೆಂದು ನಾವೇ ನಡೆದುಕೊಂಡರೆ ಅವರೇನು ಕಲಿತಾರು?

ಮುಂದಿನ ಸಲ ಲಂಡನ್ ಟಿಕೆಟ್ ತೆಗೆಯುವ ಮುಂಚೆ ಒಂದು ದಿನ ಇಲ್ಲಿಗೆಂದು ತೆಗೆದಿಡಿ. ಊರು ತೋರಿಸುವ ಕೆಲಸ ಮಕ್ಕಳಿಗೇ ಬಿಡಿ. ಏನಂತೀರಿ?