ಎಂಬತ್ತೆಂಟನೇ ಕೀರ್ತನೆ ಯಾಕೆ ಬೇಡ?

ದಿನಾ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಬೈಬಲ್ಲಿನ ಒಂದು ವಚನ ಬಂದು ಬೀಳುತ್ತದೆ. ಹಿಂದೆ ಹುಟ್ಟುವ ಸೂರ್ಯ ಇಲ್ಲವೇ ಹಸಿರು ಗುಡ್ಡ, ಮೇಲೆ ಬಿಳಿ ಅಕ್ಷರ. ಹೆಚ್ಚಿನ ದಿನ ಅದು ಕೀರ್ತನೆಗಳ ಪುಸ್ತಕದ್ದೇ. 23, 91, 121 ಸುತ್ತಿ ಸುತ್ತಿ ಬರುತ್ತವೆ. ದೇವರು ಕುರುಬ, ದೇವರು ಆಶ್ರಯ, ದೇವರು ಕಾವಲುಗಾರ. ಒಟ್ಟು 150 ಕೀರ್ತನೆಗಳಲ್ಲಿ ಉಳಿದವು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ. ಅಪ್ಪ ತೀರಿಕೊಳ್ಳುವವರೆಗೆ ನಾನೂ ಕೇಳಿರಲಿಲ್ಲ.

ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ಅಪ್ಪ ಹೋದರು. ಮೂರನೇ ದಿನ ಧಾರವಾಡದ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಯಾವ ಕೀರ್ತನೆ ಓದೋಣ ಎಂದು ಕೇಳಿದಾಗ ಅವ್ವ "ಎಂಬತ್ತೆಂಟು" ಅಂದಳು. ಸಭೆಯ ಹಿರಿಯರೊಬ್ಬರು ಪುಟ ತಿರುವಿ ನೋಡಿ, "ಬ್ಯಾಡ್ರಿ ಅಕ್ಕಾರ, ಇದ್ರಾಗ ಸಮಾಧಾನ ಇಲ್ಲ. ಇಪ್ಪತ್ತಮೂರು ಓದೂಣು" ಅಂದರು. ಓದಿದರು. ಎಲ್ಲರೂ ಆಮೆನ್ ಅಂದರು. ಅವ್ವ ಅನ್ನಲಿಲ್ಲ.

ಆ ಹಿರಿಯರು ಕೆಟ್ಟವರಲ್ಲ. ನಡುರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಒಯ್ಯಲು ಕಾರು ತಂದವರೇ ಅವರು. ಆದರೂ ಆ ದಿನ ಅವರು ಅವ್ವನ ಬಾಯಿ ಮುಚ್ಚಿಸಿದರು, ಅದೂ ದೇವರ ಹೆಸರಿನಲ್ಲಿ. ನನ್ನ ಜಗಳ ಇರುವುದು ಆ ಅಭ್ಯಾಸದ ಜೊತೆ.

ಅಷ್ಟಕ್ಕೂ ಎಂಬತ್ತೆಂಟರಲ್ಲಿ ಏನಿದೆ? ಹಗಲೂ ರಾತ್ರಿ ದೇವರನ್ನು ಕೂಗುವ ಒಬ್ಬ ಮನುಷ್ಯ ಇದ್ದಾನೆ. ಉತ್ತರ ಇಲ್ಲ. ಗೆಳೆಯರು ದೂರವಾಗಿದ್ದಾರೆ. ಸತ್ತವರು ಎದ್ದು ನಿನ್ನನ್ನು ಹೊಗಳುತ್ತಾರೇನು ಎಂದು ಅವನು ದೇವರನ್ನೇ ಕೇಳುತ್ತಾನೆ. ಗೋಳಿನ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಭರವಸೆಯ ಕಡೆ ಹೊರಳುತ್ತವೆ. ಇದು ಹೊರಳುವುದಿಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಪುಸ್ತಕ ಕಟ್ಟಿದವರಿಗೆ ಕೊನೆಗೊಂದು ಸಮಾಧಾನದ ಸಾಲು ಅಂಟಿಸುವುದು ಕಷ್ಟವಿರಲಿಲ್ಲ. ಅವರು ಅಂಟಿಸಲಿಲ್ಲ.

ಇದು ಒಂಟಿಯೂ ಅಲ್ಲ. ಜರ್ಮನ್ ವಿದ್ವಾಂಸ ಹರ್ಮನ್ ಗುಂಕೆಲ್ ಕೀರ್ತನೆಗಳನ್ನು ಬಗೆಬಗೆಯಾಗಿ ವಿಂಗಡಿಸಿದ ಮೇಲೆ ಎಲ್ಲರಿಗೂ ಕಂಡದ್ದು, ಅವುಗಳಲ್ಲಿ ದೊಡ್ಡ ಗುಂಪು ಗೋಳಿನದು ಎಂಬುದು. ಹಾಗಿದ್ದೂ ಹೀಬ್ರೂವಿನಲ್ಲಿ ಇಡೀ ಪುಸ್ತಕದ ಹೆಸರು 'ತೆಹಿಲ್ಲೀಮ್', ಅಂದರೆ ಸ್ತುತಿಗಳು. ದೇವರ ಮುಂದೆ ನಿಂತು ದೂರುವುದೂ ಸ್ತುತಿಯ ಲೆಕ್ಕಕ್ಕೇ ಸೇರಿತ್ತು. ಕನ್ನಡದವರಿಗೆ ಇದು ಹೊಸದಾಗಬೇಕಿಲ್ಲ. ನಮ್ಮ ಬೈಬಲ್ ಬಳಸುವ 'ಕೀರ್ತನೆ' ದಾಸರದೂ ಹೌದು, ಮತ್ತು ದಾಸರಿಗೆ ನಿಂದಾಸ್ತುತಿ ಗೊತ್ತಿತ್ತು. ಪುರಂದರದಾಸರು ವಿಠಲನನ್ನು ಬೈದರೆ ಅದು ಭಕ್ತಿ. ನನ್ನ ಅವ್ವ ಯೆಹೋವನನ್ನು ಕೇಳಿದರೆ ಮಾತ್ರ ಅದು ವಿಶ್ವಾಸದ ಕೊರತೆಯೇ? ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು, ದೇವರು ಕೈಬಿಟ್ಟದ್ದೇಕೆ ಎಂಬ ಪ್ರಶ್ನೆ. ಆ ಹೊತ್ತಿನಲ್ಲಿ ಯಾರೂ ಅವನಿಗೆ ಮುಂದಿನ ಕೀರ್ತನೆಗೆ ಹೋಗು ಅನ್ನಲಿಲ್ಲ.

ಬೇಕಾದ್ದನ್ನು ಆರಿಸಿಕೊಳ್ಳುವುದು ಹಳೆಯ ಪದ್ಧತಿಯೂ ಅಲ್ಲ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ವಾರಕ್ಕೊಮ್ಮೆ 150 ಕೀರ್ತನೆಗಳನ್ನೂ ಮುಗಿಸಬೇಕೆಂದು ನಿಯಮ ಮಾಡಿದ. ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕ ಅವನ್ನು ಬೆಳಿಗ್ಗೆ ಸಂಜೆಗೆಂದು ಮೂವತ್ತು ದಿನಕ್ಕೆ ಹಂಚಿತು. ನಿನ್ನ ಮನಸ್ಸು ಇವತ್ತು ಹೇಗಿದೆ ಎಂದು ಆ ಪಟ್ಟಿ ಕೇಳುವುದಿಲ್ಲ. ಕತ್ತರಿ ದೊಡ್ಡದಾಗಿ ಬಿದ್ದದ್ದು ಈಚೆಗೆ. 1971ರ ಕ್ಯಾಥೊಲಿಕ್ ದೈನಂದಿನ ಪ್ರಾರ್ಥನೆಯಲ್ಲಿ 58, 83, 109 ಪೂರ್ತಿ ಹೋದವು. 137ರ ಕೊನೆಯೂ ಸೇರಿದಂತೆ ಇನ್ನು ಕೆಲವದರ ಸಾಲುಗಳು ಹೋದವು. ಜನರ ಮನಸ್ಸಿಗೆ ಕಷ್ಟವಾಗುತ್ತದೆ ಎಂಬುದು ಕಾರಣ. ನಾವು ಪ್ರೊಟೆಸ್ಟೆಂಟರು ಯಾವುದನ್ನೂ ಅಧಿಕೃತವಾಗಿ ತೆಗೆಯಲಿಲ್ಲ ಎಂದು ಬೀಗಬೇಕಿಲ್ಲ. ಸುಮ್ಮನೆ ಓದುವುದನ್ನು ನಿಲ್ಲಿಸಿದೆವು, ಅಷ್ಟೇ.

ಆಕ್ಷೇಪ ಇದೆ, ಅದು ಹಗುರವಾದದ್ದಲ್ಲ. ಬಾಬಿಲೋನಿಗೆ ಸೆರೆಹೋದವರ 137ನೇ ಕೀರ್ತನೆ ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿನಲ್ಲಿ ಮುಗಿಯುತ್ತದೆ. ಶತ್ರುವನ್ನು ಪ್ರೀತಿಸು ಎಂದವನ ಶಿಷ್ಯರು ಇದನ್ನು ಹೇಗೆ ಪ್ರಾರ್ಥಿಸುವುದು? ಆ ಕೂಸುಗಳು ನಮ್ಮೊಳಗಿನ ಕೆಟ್ಟ ಆಸೆಗಳು, ಬಂಡೆ ಕ್ರಿಸ್ತ ಎಂದು ಅಗಸ್ಟೀನ್ ಅರ್ಥ ಹೇಳಿದ. ನನಗೆ ಅದು ಜಾಣತನವಾಗಿ ಕಾಣುತ್ತದೆ. ಊರು ಸುಟ್ಟುಹೋದವರ ಸಿಟ್ಟು ಅದು, ಸಿಟ್ಟೆಂದೇ ಓದಬೇಕು. ಅವರು ಅದನ್ನು ದೇವರ ಕೈಗೆ ಹಾಕಿದರು. ಹೇಳಲು ಜಾಗವಿಲ್ಲದ ಸಿಟ್ಟು ಎಲ್ಲಿ ಹೋಗಿ ಬೀಳುತ್ತದೆ ಎಂದು ನಮ್ಮ ಮನೆಗಳ ಹೆಂಗಸರನ್ನು, ಮಕ್ಕಳನ್ನು ಕೇಳಬೇಕು. ಒಂದು ಎಚ್ಚರ ಮಾತ್ರ ಬೇಕು. ಕುರ್ಚಿಯಲ್ಲಿ ಕೂತವರು ಈ ಶಾಪಗಳನ್ನು ಓದುವಾಗ ಶಾಪ ಹಾಕುವವರ ಜಾಗದಲ್ಲಿ ನಿಲ್ಲಬಾರದು. ತಾವೇ ಯಾರದೋ ಬಾಬಿಲೋನ್ ಇರಬಹುದೇ ಎಂದು ನೋಡಿಕೊಳ್ಳಬೇಕು. ಇದೇ ಪುಸ್ತಕದಲ್ಲಿ ದಾವೀದನ ತಪ್ಪೊಪ್ಪಿಗೆಯ 51ನೇ ಕೀರ್ತನೆಯೂ ಇದೆ.

ಧ್ಯಾನದ ಮಾತನ್ನೂ ಹೇಳಿಬಿಡುತ್ತೇನೆ. ಒಂದನೇ ಕೀರ್ತನೆಯಲ್ಲಿ ನಾವು ಧ್ಯಾನ ಅನ್ನುವ ಕಡೆ ಹೀಬ್ರೂವಿನಲ್ಲಿರುವುದು 'ಹಾಗಾ', ಬಾಯಲ್ಲಿ ಗುನುಗುವುದು. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ ಪಾರಿವಾಳ ಮೂಲುಗುವುದಕ್ಕೂ ಇದೇ ಪದ. ಕಣ್ಣು ಮುಚ್ಚಿ ತಣ್ಣಗೆ ಕೂರುವುದಷ್ಟೇ ಧ್ಯಾನ ಎಂದುಕೊಂಡವರು ಆ ಸಿಂಹವನ್ನು ನೆನೆಯಬೇಕು.

ನಾನು ಕೇಳುವುದು ಇಷ್ಟೇ. ದಿನಕ್ಕೆ ಐದರಂತೆ, ಬಿಡದೆ, ಬಾಯಿಬಿಟ್ಟು ಓದಿ. ಮೂವತ್ತು ದಿನಕ್ಕೆ ಮುಗಿಯುತ್ತದೆ. ನನಗೆ ಈಗ ಅಂಥ ದುಃಖವಿಲ್ಲ, ನಾನ್ಯಾಕೆ ಅಳಲಿ ಅನ್ನುತ್ತೀರಾ? ನಿಮಗಾಗಿ ಓದಬೇಡಿ. ಆ ಹೊತ್ತಿನಲ್ಲಿ ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬಾಯೇ ಬರದಿರುವ ಯಾರಿಗೋ ನಿಮ್ಮ ಬಾಯಿ ಸಾಲ ಕೊಡಿ. ಕೀರ್ತನೆಗಳಲ್ಲಿ 'ನಾನು' ಅನ್ನುವವನು ಯಾವತ್ತೂ ನೀವೊಬ್ಬರೇ ಆಗಿರುವುದಿಲ್ಲ.

ಅವ್ವ ಈಗ ಹಾಗೆ ಓದುತ್ತಾಳೆ. ಐದನೇ ತಾರೀಖು ಇಪ್ಪತ್ತಮೂರು ಬರುತ್ತದೆ, ಅದನ್ನೂ ಬಿಡುವುದಿಲ್ಲ. ಹದಿನೆಂಟಕ್ಕೆ ಎಂಬತ್ತೆಂಟು. ಈ ತಿಂಗಳ ಹದಿನೆಂಟರಂದು ಬೆಳಿಗ್ಗೆ ಆರಕ್ಕೆ ನಾನೇ ಅದನ್ನು ಗುಂಪಿಗೆ ಕಳಿಸುತ್ತೇನೆ, ಪೂರ್ತಿಯಾಗಿ, ಹಿಂದೆ ಸೂರ್ಯನಿಲ್ಲದೆ.