ಹಳೆಯ ಡೀಸೆಲ್ ಕಾರು: ಎಣ್ಣೆ ಕಪ್ಪಾದರೆ ಕೆಟ್ಟಿತೆ?

ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅದರ ಡೀಸೆಲ್ ಮಾದರಿಯನ್ನು ಮನೆಯ ಹಿರಿಯರಂತೆ ಜೋಪಾನ ಮಾಡುತ್ತಿರುವ ಕುಟುಂಬಗಳು ಇಂದಿಗೂ ಉಂಟು. ಇಂಥವರನ್ನು ಕಾಡುವ ಸಂದೇಹವೊಂದಿದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಮೊನ್ನೆ ತಾನೇ ಹಾಕಿಸಿದ ಇಂಜಿನ್ ಎಣ್ಣೆ ಕಾಡಿಗೆಯಂತೆ ಕಪ್ಪಾಗಿದೆ! ಮೆಕ್ಯಾನಿಕ್ ಮೋಸ ಮಾಡಿದನೆ? ಎಣ್ಣೆಯೇ ಕಲಬೆರಕೆಯೆ?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಡೀಸೆಲ್ ಇಂಜಿನಿನಲ್ಲಿ ಕಪ್ಪಾದುದೆಲ್ಲ ಕೆಟ್ಟುದಲ್ಲ. ಈ ಇಂಜಿನಿನಲ್ಲಿ ಗಾಳಿಯನ್ನು ಸುಮಾರು 20 ಪಟ್ಟು ಒತ್ತಿ, ಆ ಕಾವಿನಿಂದಲೇ ಇಂಧನವನ್ನು ಹೊತ್ತಿಸುವರು. ಆಗ ಹುಟ್ಟುವ ಮಸಿ ಪಿಸ್ಟನ್ ರಿಂಗುಗಳ ಸಂದಿನಿಂದ ಎಣ್ಣೆಗಿಳಿಯುತ್ತದೆ. ಅದು ಗಡ್ಡೆಕಟ್ಟದಂತೆ ಎಣ್ಣೆ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳಬೇಕು. ಆದುದರಿಂದ ಬೇಗ ಕಪ್ಪಾಗುವುದು ಎಣ್ಣೆ ತನ್ನ ಕೆಲಸ ಮಾಡುತ್ತಿರುವುದರ ಗುರುತು.

ಕೊಳ್ಳುವಾಗ ಡಬ್ಬಿಯ ಮೇಲೆ ನೋಡತಕ್ಕ ಗುರುತುಗಳು ಎರಡು. ಮೊದಲನೆಯದು 15ಡಬ್ಲ್ಯು-40 ಎಂಬಂಥ ಅಂಕೆ. ‘ಡಬ್ಲ್ಯು’ ಜೊತೆಗಿನ ಅಂಕೆ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಕೊನೆಯ ಅಂಕೆ ಇಂಜಿನ್ ಕಾದಾಗ ಉಳಿಯುವ ಮಂದತೆಯನ್ನೂ ತಿಳಿಸುತ್ತವೆ. ಕಾರಿನ ಕೈಪಿಡಿ ಹೇಳಿದ ದರ್ಜೆಯೇ ಪ್ರಮಾಣ. ಎರಡನೆಯದು ಎ.ಪಿ.ಐ. ಗುರುತು. ಸಿ.ಎಚ್.-4, ಸಿ.ಐ.-4 ಎಂಬಂತೆ ‘ಸಿ’ಯಿಂದ ಆರಂಭವಾಗುವವು ಡೀಸೆಲ್ ಇಂಜಿನಿಗೆ, ‘ಎಸ್’ನಿಂದ ಆರಂಭವಾಗುವವು ಪೆಟ್ರೋಲಿಗೆ. ಮಸಿಸೋಸುವ ಫಿಲ್ಟರ್ ಉಳ್ಳ ಹೊಸ ಕಾರುಗಳಿಗೆಂದೇ ಮಾಡಿದ ದುಬಾರಿ ಎಣ್ಣೆ ಹಳೆಯ ಕಾರಿಗೆ ಅನಾವಶ್ಯಕ.

‘ಹೊಗೆ ಬಂದರೆ ಮಂದವಾದ ಎಣ್ಣೆ ಹಾಕಿಸಿ’ ಎಂಬ ಸಲಹೆಯನ್ನು ಒಪ್ಪಬೇಡಿ. ಹೊಗೆ ಕೆಲವು ದಿನ ಅಡಗೀತು, ಸವೆತ ಅಡಗದು. ಮುಂಜಾನೆಯ ತಣ್ಣಗಿನ ಇಂಜಿನಿನಲ್ಲಿ ಮಂದ ಎಣ್ಣೆ ಬೇರಿಂಗುಗಳನ್ನು ಮುಟ್ಟುವುದೂ ತಡ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದನ್ನು ಸೂಚಿಸುತ್ತದೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರನ್ನೂ ಇಂಜೆಕ್ಟರುಗಳನ್ನೂ ಪರೀಕ್ಷಿಸಿಸಬೇಕು.

ವಾರಕ್ಕೊಮ್ಮೆ, ಕಾರು ಸಮನೆಲದಲ್ಲಿ ನಿಂತು ಕೆಲವು ನಿಮಿಷಗಳಾದ ಮೇಲೆ, ಡಿಪ್‌ಸ್ಟಿಕ್ ಒರೆಸಿ ಮಟ್ಟ ನೋಡಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಹಾಲುಮಿಶ್ರಿತ ಕಾಫಿಯಂತೆ ಕಂಡರೆ ನೀರು ಬೆರೆತಿದೆ. ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರಿದೆಯೆಂದು ಶಂಕಿಸಿ. ಎರಡರಲ್ಲಿಯೂ ಕಾರನ್ನು ಓಡಿಸದೆ ಮೆಕ್ಯಾನಿಕನಿಗೆ ತೋರಿಸಿ.

ಸವೆದ ಇಂಜಿನಿಗೆ ‘ಇರಲಿ’ ಎಂದು ಹೆಚ್ಚು ಎಣ್ಣೆ ತುಂಬುವುದು ಅಪಾಯಕರ. ಗಾಳಿಯ ದಾರಿಗೆ ಎಣ್ಣೆ ನುಗ್ಗಿದರೆ ಅದನ್ನೇ ಉರಿಸುತ್ತ ಇಂಜಿನ್ ಹುಚ್ಚುವೇಗದಲ್ಲಿ ಓಡೀತು. ಕೀಲಿ ತಿರುಗಿಸಿದರೂ ನಿಲ್ಲದು. ಆಗ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರು ಹಾಕಿ ಕ್ಲಚ್ಚು ಬಿಟ್ಟು ಇಂಜಿನನ್ನು ಉಸಿರುಗಟ್ಟಿಸಬೇಕು. ಗಾಳಿಯ ಕೊಳವೆಗೆ ಕೈ ಅಡ್ಡವಿಡಬೇಡಿ.

ಕೊನೆಯದಾಗಿ, ಎಣ್ಣೆ ಬದಲಾವಣೆಗೆ ಬಣ್ಣವನ್ನಲ್ಲ, ಲೆಕ್ಕವನ್ನು ನಂಬಿ. ಕೈಪಿಡಿಯ ಕಿಲೋಮೀಟರು ಅಥವಾ ತಿಂಗಳು, ಯಾವುದು ಮೊದಲೋ ಆಗ ಎಣ್ಣೆಯನ್ನೂ ಆಯಿಲ್ ಫಿಲ್ಟರನ್ನೂ ಒಟ್ಟಿಗೆ ಬದಲಿಸಿ. ಹಬ್ಬಕ್ಕೊಮ್ಮೆ ಮಾತ್ರ ಹೊರಡುವ ಕಾರಿಗೂ ಈ ನಿಯಮ ತಪ್ಪದು. ನಿಂತ ಇಂಜಿನಿನಲ್ಲಿಯೂ ತೇವ ಮತ್ತು ಆಮ್ಲ ಲೋಹವನ್ನು ತಿನ್ನುತ್ತಲೇ ಇರುತ್ತವೆ. ದಿನಾಂಕ ಮತ್ತು ಕಿಲೋಮೀಟರನ್ನು ಬರೆದಿಡಲು ಮನೆಯ ಕ್ಯಾಲೆಂಡರಿನ ಒಂದು ಮೂಲೆ ಸಾಕು.