ದ್ವೀಪದ ಅನ್ನ, ಗಂಗಾವತಿಯ ಗದ್ದೆ

ಸಣ್ಣ ದ್ವೀಪದೇಶವೊಂದು ಮುನಿಸಿಕೊಂಡರೆ ಅಲ್ಲಿಗೆ ಹೋಗುವ ಅಕ್ಕಿಯನ್ನು ದೊಡ್ಡ ದೇಶ ತಡೆಹಿಡಿಯಬಹುದೇ? ಮಾಲ್ದೀವ್ಸ್ ವಿಷಯದಲ್ಲಿ ಈ ಪ್ರಶ್ನೆ ನಮ್ಮೆದುರು ಬಂದಿತ್ತು. ಭಾರತದ ಸೈನಿಕರು ಹೊರಡಲಿ ಎಂದು ಪ್ರಚಾರ ಮಾಡಿಯೇ ಮೊಹಮ್ಮದ್ ಮುಯಿಝು 2023ರಲ್ಲಿ ಅಧ್ಯಕ್ಷರಾದರು. 2024ರ ಜನವರಿಯಲ್ಲಿ ಅವರ ಮೂವರು ಉಪಸಚಿವರು ನಮ್ಮ ಪ್ರಧಾನಿಯನ್ನು ಹೀಯಾಳಿಸಿ ಅಮಾನತುಗೊಂಡರು. ಇಲ್ಲಿ ಪ್ರವಾಸ ಬಹಿಷ್ಕಾರದ ಕೂಗೆದ್ದಿತು. ಆದರೂ ಅದೇ ಏಪ್ರಿಲ್‌ನಲ್ಲಿ, ಸೈನಿಕರು ಮರಳುತ್ತಿದ್ದಾಗಲೇ, ದೆಹಲಿ ಆ ದ್ವೀಪಗಳಿಗೆ 1,24,218 ಟನ್ ಅಕ್ಕಿ, 35,749 ಟನ್ ಈರುಳ್ಳಿ ಕಳಿಸಲು ಅನುಮತಿ ಕೊಟ್ಟಿತು. 1981ರ ವ್ಯಾಪಾರ ಒಪ್ಪಂದದ ನಂತರ ಇಷ್ಟು ದೊಡ್ಡ ಪ್ರಮಾಣ ಅದೇ ಮೊದಲು. ಆ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ವಾದ.

ಇದಕ್ಕೆ ಸಾಕ್ಷಿ ಹುಡುಕಲು ಗಂಗಾವತಿ ಸೀಮೆಯವರು ದೂರ ಹೋಗಬೇಕಿಲ್ಲ, ಆನೆಗೊಂದಿ ಪಕ್ಕದಲ್ಲೇ ಇದೆ. ಹೊಳೆಯಾಚೆ ಮೆರೆದ ವಿಜಯನಗರ ಎಷ್ಟು ದೊಡ್ಡದಾದರೂ ಯುದ್ಧದ ಕುದುರೆಗೆ ಕಡಲಾಚೆಯವರ ಮುಖ ನೋಡಬೇಕಿತ್ತು. ಆ ಕುದುರೆಗಳು ಬರುತ್ತಿದ್ದುದು ಬಹುಮಟ್ಟಿಗೆ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಝ್ ಎಂಬ ಪುಟ್ಟ ದ್ವೀಪರಾಜ್ಯದಿಂದ. ಉಪ್ಪುಗುಡ್ಡಗಳ ಆ ನೆಲದಲ್ಲಿ ಸಿಹಿನೀರಿಗೂ ತತ್ವಾರ. ಭಟ್ಕಳದಿಂದ ಅಕ್ಕಿ, ಸಕ್ಕರೆ ಅಲ್ಲಿಗೆ ಹೋಗುತ್ತಿತ್ತು, ಮರಳಿ ಕುದುರೆ, ಮುತ್ತು ಬರುತ್ತಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಝಾಕ್ ಹಡಗು ಹತ್ತಿದ್ದೂ ಹೊರ್ಮುಝ್‌ನಲ್ಲೇ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೊರ್ಮುಝ್ ಅನ್ನೂ ಹಿಡಿದ ಮೇಲೆ ಲಗಾಮು ಮೂರನೆಯವರ ಕೈಗೆ ಹೋಯಿತು. ಬಿಜಾಪುರಕ್ಕೆ ಸಿಗದೆ ತಮಗೇ ಕುದುರೆ ಸಿಗಲೆಂದು ವಿಜಯನಗರದವರು 1547ರಲ್ಲಿ ಆ ಪೋರ್ಚುಗೀಸರ ಜೊತೆಗೇ ಒಪ್ಪಂದಕ್ಕೆ ಕೂರಬೇಕಾಯಿತು. ದ್ವೀಪ ತನ್ನ ಕಾಲ ಮೇಲೆ ನಿಂತಿರುವುದು ದೊಡ್ಡ ನೆಲದವರಿಗೂ ಬೇಕು. ಹಸಿವಿನ ಹೆದರಿಕೆ ಹುಟ್ಟಿಸಿದರೆ ಅದು ಮತ್ತೊಬ್ಬ ದೊಡ್ಡವನ ಬಾಗಿಲು ತಟ್ಟುತ್ತದೆ. ಇಂದು ಆ ಬಾಗಿಲು ಚೀನಾದ್ದು.

ಇಷ್ಟು ಹೇಳಿ ಸುಮ್ಮನಾದರೆ ಅನ್ಯಾಯವಾಗುತ್ತದೆ. ಈ ಸ್ನೇಹದ ಖರ್ಚು ಯಾರದು?

2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಂತಿತು. ಗಂಗಾವತಿ, ಕಾರಟಗಿಯ ಮಿಲ್ಲುಗಳ ಸೋನಾ ಮಸೂರಿಯೂ ಅದರಲ್ಲಿ ಸೇರಿತ್ತು. ಅಮೆರಿಕದ ಕನ್ನಡಿಗರು ಅಂಗಡಿಗಳಲ್ಲಿ ಚೀಲಕ್ಕಾಗಿ ಮುಗಿಬಿದ್ದಾಗ ಇಲ್ಲಿನವರು ಅವರಿಗೆ ಒಂದು ಚೀಲವನ್ನೂ ಮಾರುವಂತಿರಲಿಲ್ಲ. ಸರ್ಕಾರ ಸರ್ಕಾರಗಳ ನಡುವೆ ಮಾತ್ರ ಕಿಂಡಿ ತೆರೆದಿತ್ತು: ಮಾರಿಷಸ್‌ಗೆ 14,000 ಟನ್, ಹೀಗೆ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ. ಅಷ್ಟರಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ಎಡದಂಡೆ ಕಾಲುವೆಯ ರೈತರು ಜೀವ ಕೈಯಲ್ಲಿ ಹಿಡಿದಿದ್ದರು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರಿಗೆ ಕಾಲುವೆಯೂ ಇಲ್ಲ. ಅಲ್ಲಿ ಈರುಳ್ಳಿ ಹಾಕಿದವರಿಗೆ, ಅದರ ರಫ್ತೂ ನಿಂತಿದ್ದರಿಂದ, 2023ರ ಡಿಸೆಂಬರ್‌ನಿಂದ 2024ರ ಮೇವರೆಗೆ ರಫ್ತಿನ ಬೆಲೆ ಎಂಬುದೇ ಇರಲಿಲ್ಲ.

ನಗರದವರಿಗೆ ಅಗ್ಗದ ಅಕ್ಕಿಯ ಭರವಸೆ ಸಿಕ್ಕಿತು, ದೆಹಲಿಗೆ ದ್ವೀಪಗಳ ಕೃತಜ್ಞತೆ ಸಿಕ್ಕಿತು. ಬೆಳೆದವನ ಪಾಲಿಗೆ ಉಳಿದದ್ದು ಮುಚ್ಚಿದ ಮಾರುಕಟ್ಟೆ. ವಿದೇಶಾಂಗ ನೀತಿಯ ಬೆಲೆಯನ್ನು ಬೊಕ್ಕಸ ತೆರಬೇಕು, ಗದ್ದೆಯಲ್ಲ. ಮಾಲ್ದೀವ್ಸ್‌ಗೂ ಮಾರಿಷಸ್‌ಗೂ ಹೋಗುವ ಪ್ರಮಾಣವನ್ನು ಮೂರು ವರ್ಷ ಮುಂಚಿತವಾಗಿ ಗೊತ್ತುಪಡಿಸಲಿ. ಅದರ ಒಂದು ಪಾಲನ್ನು ತುಂಗಭದ್ರೆಯ ಅಚ್ಚುಕಟ್ಟಿನಲ್ಲೇ, ನಿಷೇಧಕ್ಕೆ ಮುಂಚಿನ ರಫ್ತು ದರದಲ್ಲಿ ಕೊಳ್ಳಲಿ. ಬಾಗಿಲು ಮುಚ್ಚುವ ಆದೇಶ ಹೊರಬಿದ್ದ ದಿನವೇ ಬೆಳೆಗಾರನ ನಷ್ಟ ತುಂಬುವ ಆದೇಶವೂ ಹೊರಬೀಳಲಿ.